ವಿಶ್ವದ ಆರಂಭವನ್ನು ಅರಸಿದ ಧರ್ಮಗುರು: ಫಾದರ್ ಜಾರ್ಜ್ ಲೆಮೇತ್ರ್

ಧರ್ಮೋಪದೇಶದ ತರಗತಿಗಳಲ್ಲಿ ಮಕ್ಕಳು ಈಗ ಕೇಳುವ ಪ್ರಶ್ನೆಗಳು ಹಿಂದಿನಂತಿಲ್ಲ. ಲೋಕವನ್ನು ದೇವರು ಸೃಷ್ಟಿಸಿದರು ಎಂದು ಹೇಳಿದ ಕೂಡಲೇ, ಹಾಗಾದರೆ ಮಹಾಸ್ಫೋಟ ಎಂದರೇನು ಎಂದು ಕೇಳುತ್ತಾರೆ. ನಮ್ಮ ವಿಶ್ವವೇ ಬೇರೊಂದು ವಿಶ್ವದ ಕಪ್ಪುಕುಳಿಯೊಳಗೆ ಹುಟ್ಟಿತಂತೆ, ಹೌದೇ ಎಂದು ಕೇಳುವವರೂ ಇದ್ದಾರೆ. ಉತ್ತರ ಹೇಳಬೇಕಾದ ಸಿಸ್ಟರ್‌ಗಳೂ ಶಿಕ್ಷಕರೂ ಹೆತ್ತವರೂ ಕೆಲವೊಮ್ಮೆ ತಬ್ಬಿಬ್ಬಾಗುತ್ತಾರೆ. ಇಂತಹ ಪ್ರಶ್ನೆಗಳಿಂದ ವಿಶ್ವಾಸಕ್ಕೆ ಧಕ್ಕೆ ಬರುತ್ತದೆಯೋ ಎಂಬ ಅಳುಕು ಅವರಿಗೆ.

ಆದರೆ ಈ ಪ್ರಶ್ನೆಗಳನ್ನು ವಿಜ್ಞಾನದ ಅಂಗಳಕ್ಕೆ ತಂದವರಲ್ಲಿ ಮೊದಲಿಗರು ಒಬ್ಬ ಕೆಥೋಲಿಕ ಧರ್ಮಗುರು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಬೆಲ್ಜಿಯಂ ದೇಶದ ಫಾದರ್ ಜಾರ್ಜ್ ಲೆಮೇತ್ರ್ ಬೆಳಿಗ್ಗೆ ಬಲಿಪೂಜೆ ಅರ್ಪಿಸಿ, ಆಮೇಲೆ ಕಾಲೇಜಿನಲ್ಲಿ ಗಣಿತ ಕಲಿಸಿ, ವಿಶ್ವಕ್ಕೆ ಒಂದು ಮೊದಲ ದಿನ ಇತ್ತು ಎಂದು ಲೆಕ್ಕ ಹಾಕಿ ತೋರಿಸಿದವರು. ಅವರು ತೀರಿಕೊಂಡು ಆರು ದಶಕಗಳೇ ಆಗುತ್ತಿವೆ. ಆದರೆ ತಮ್ಮ ಸಿದ್ಧಾಂತವನ್ನು ದೇವರ ಇರುವಿಕೆಗೆ ಸಾಕ್ಷಿಯಾಗಿ ಬಳಸಲು ಅವರು ಏಕೆ ಒಪ್ಪಲಿಲ್ಲ ಎಂಬುದು ಇಂದಿಗೂ ನಾವು ಕಲಿಯಬೇಕಾದ ಪಾಠ.

ಬಾಲ್ಯ, ಕುಟುಂಬ, ಯುದ್ಧ

ಜಾರ್ಜ್ ಲೆಮೇತ್ರ್ 1894ರ ಜುಲೈ 17ರಂದು ಬೆಲ್ಜಿಯಂನ ಶಾರ್ಲ್‌ರುವಾ ಎಂಬ ಪಟ್ಟಣದಲ್ಲಿ ಹುಟ್ಟಿದರು. ಅದು ಕಲ್ಲಿದ್ದಲ ಗಣಿ ಮತ್ತು ಗಾಜಿನ ಕಾರ್ಖಾನೆಗಳ ಊರು. ತಂದೆ ಜೋಸೆಫ್, ತಾಯಿ ಮಾರ್ಗರಿತ್. ನಾಲ್ವರು ಗಂಡುಮಕ್ಕಳಲ್ಲಿ ಜಾರ್ಜ್ ಹಿರಿಯರು. ಊರಿನ ಜೆಸ್ವಿಟ್ ಶಾಲೆಯಲ್ಲಿ ಕಲಿಯುತ್ತಿದ್ದಾಗಲೇ, ಇನ್ನೂ ಒಂಬತ್ತು ವರ್ಷದ ಹುಡುಗನಿಗೆ, ಧರ್ಮಗುರುವೂ ಆಗಬೇಕು, ವಿಜ್ಞಾನಿಯೂ ಆಗಬೇಕು ಎಂಬ ಎರಡು ಆಸೆಗಳು ಒಟ್ಟಿಗೇ ಹುಟ್ಟಿಕೊಂಡವು. ತಂದೆ ಬೇಡ ಎನ್ನಲಿಲ್ಲ. ಮೊದಲು ಓದು ಮುಗಿಸು, ಆಮೇಲೆ ನೋಡೋಣ ಎಂದರು.

1910ರಲ್ಲಿ ತಂದೆಯ ಗಾಜಿನ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಕುಟುಂಬ ಬ್ರಸೆಲ್ಸ್ ನಗರಕ್ಕೆ ಹೋಗಿ ನೆಲೆಸಿತು. ತಂದೆ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರು. ಮನೆಗೆ ಆಸರೆಯಾಗುವ ಉದ್ಯೋಗ ಬೇಕಾಗಿದ್ದರಿಂದ ಜಾರ್ಜ್ 1911ರಲ್ಲಿ ಲೂವೆನ್ ಕೆಥೋಲಿಕ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್‌ಗೆ ಸೇರಿದರು.

1914ರ ಆಗಸ್ಟ್‌ನಲ್ಲಿ ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿತು. ಇಪ್ಪತ್ತು ವರ್ಷದ ಜಾರ್ಜ್ ತಮ್ಮನ ಜೊತೆ ತಾವಾಗಿಯೇ ಸೈನ್ಯಕ್ಕೆ ಸೇರಿದರು. ಮೊದಲು ಕಾಲಾಳಾಗಿ, ಬಳಿಕ ಫಿರಂಗಿ ದಳದಲ್ಲಿ, ಒಟ್ಟು ನಾಲ್ಕು ವರ್ಷ ಯುದ್ಧಭೂಮಿಯಲ್ಲಿದ್ದರು. ವಿಷಾನಿಲ ಪ್ರಯೋಗದ ಘೋರವನ್ನೂ ಕಣ್ಣಾರೆ ಕಂಡರು. ಕಂದಕಗಳಲ್ಲಿ ಬಿಡುವು ಸಿಕ್ಕಾಗ ಭೌತಶಾಸ್ತ್ರದ ಪುಸ್ತಕ ಓದುತ್ತಿದ್ದರು. ಫಿರಂಗಿ ಕೈಪಿಡಿಯ ಲೆಕ್ಕದಲ್ಲಿ ತಪ್ಪಿದೆ ಎಂದು ಬೋಧಕರಿಗೇ ತೋರಿಸಿಕೊಟ್ಟು ಅವರ ಅಸಮಾಧಾನಕ್ಕೆ ಗುರಿಯಾದರು ಎಂದೂ ಹೇಳುತ್ತಾರೆ. ಯುದ್ಧ ಮುಗಿದಾಗ ಶೌರ್ಯ ಪದಕ ಎದೆಯ ಮೇಲಿತ್ತು. ಆದರೆ ಇಂಜಿನಿಯರ್ ಆಗುವ ಮನಸ್ಸು ಉಳಿದಿರಲಿಲ್ಲ. ಗಣಿತ ಮತ್ತು ಭೌತಶಾಸ್ತ್ರಕ್ಕೆ ಬದಲಾಯಿಸಿಕೊಂಡು 1920ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಮೆಕೆಲೆನ್ ನಗರದ ಗುರುಮಠಕ್ಕೆ ಸೇರಿದರು.

ಗುರುಮಠದಲ್ಲಿ ಐನ್‌ಸ್ಟೈನ್

ಗುರುಮಠದ ಓದಿನ ನಡುವೆಯೇ ಅವರಿಗೆ ಆಲ್ಬರ್ಟ್ ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತದ ಗೀಳು ಹತ್ತಿತು. ಅಲ್ಲಿನ ಕಾರ್ಡಿನಲ್ ಮೆರ್ಸಿಯೆ ಅವರು ಇದನ್ನು ತಡೆಯಲಿಲ್ಲ, ಪ್ರೋತ್ಸಾಹಿಸಿದರು. ತತ್ವಶಾಸ್ತ್ರದಲ್ಲಿ ದೊಡ್ಡ ವಿದ್ವಾಂಸರಾದ ಆ ಕಾರ್ಡಿನಲ್ ಅವರೇ 1923ರ ಸೆಪ್ಟೆಂಬರ್ 22ರಂದು ಲೆಮೇತ್ರ್ ಅವರಿಗೆ ಗುರುದೀಕ್ಷೆ ನೀಡಿದರು. ಹೊಸ ಗುರು ಕೆಲವೇ ದಿನಗಳಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೊರಟರು. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕಿದವರು ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್ಟನ್.

ಎಡಿಂಗ್ಟನ್ ಅವರ ಹೆಸರು ಸೂರ್ಯಗ್ರಹಣದ ಜೊತೆ ಸೇರಿಕೊಂಡಿದೆ. ಭಾರವಾದ ವಸ್ತುವಿನ ಬಳಿ ಜಾಗವೇ ಬಾಗುತ್ತದೆ, ಅಲ್ಲಿ ಹಾದುಹೋಗುವ ಬೆಳಕೂ ಬಾಗುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದರು. 1919ರ ಮೇ 29ರ ಪೂರ್ಣ ಗ್ರಹಣದ ಕತ್ತಲಲ್ಲಿ, ಆಫ್ರಿಕದ ಬಳಿಯ ಪ್ರಿನ್ಸಿಪೆ ದ್ವೀಪದಿಂದ ಸೂರ್ಯನ ಸುತ್ತಲಿನ ನಕ್ಷತ್ರಗಳ ಚಿತ್ರ ತೆಗೆದು, ಬೆಳಕು ಬಾಗಿದ್ದನ್ನು ಎಡಿಂಗ್ಟನ್ ಅಳೆದರು. ಅದಾಗಿ ನೂರು ವರ್ಷಕ್ಕೆ, 2019ರ ಡಿಸೆಂಬರ್ 26ರಂದು, ಕ್ರಿಸ್ಮಸ್ ಹಬ್ಬದ ಮರುದಿನ ಬೆಳಿಗ್ಗೆ, ದಕ್ಷಿಣ ಕೊಡಗಿನ ಕುಟ್ಟದಲ್ಲಿಯೂ ಕಾಸರಗೋಡಿನ ಚೆರುವತ್ತೂರಿನಲ್ಲಿಯೂ ಸೂರ್ಯ ಬಳೆಯಂತೆ ಕಂಡದ್ದು ನಮ್ಮ ಓದುಗರಿಗೆ ನೆನಪಿರಬಹುದು. ಅದು ಕಂಕಣ ಗ್ರಹಣವಾದ್ದರಿಂದ ನಕ್ಷತ್ರ ಕಾಣುವಷ್ಟು ಕತ್ತಲಾಗಲಿಲ್ಲ. ಆದರೆ ಸೂರ್ಯನನ್ನು ಚಂದ್ರ ಮರೆಮಾಡುವ ಇಂತಹ ಕೆಲವು ನಿಮಿಷಗಳೇ ಐನ್‌ಸ್ಟೈನ್ ಅವರ ಹೆಸರನ್ನು ಜಗತ್ತಿಗೆ ಹರಡಿದವು ಎಂಬುದನ್ನು ಆ ದಿನ ಎಷ್ಟೋ ಶಾಲಾ ಮಕ್ಕಳಿಗೆ ಹೇಳಿಕೊಡಲು ಸಾಧ್ಯವಾಯಿತು.

ಕೇಂಬ್ರಿಜ್‌ನಿಂದ ಲೆಮೇತ್ರ್ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಹೋದರು. ನಮ್ಮ ಆಕಾಶಗಂಗೆಯ ಹೊರಗೂ ಬೇರೆ ಬೇರೆ ಗೆಲಾಕ್ಸಿಗಳಿವೆ ಎಂಬುದು ಖಚಿತವಾದ ಕಾಲ ಅದು. ಅವುಗಳಲ್ಲಿ ಹೆಚ್ಚಿನವು ನಮ್ಮಿಂದ ದೂರ ಸರಿಯುತ್ತಿವೆ ಎಂದು ಅವುಗಳ ಬೆಳಕನ್ನು ಪರೀಕ್ಷಿಸಿದ ಅಲ್ಲಿನ ಖಗೋಳ ವಿಜ್ಞಾನಿಗಳು ಕಂಡಿದ್ದರು. ಏಕೆ ಎಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಲೆಮೇತ್ರ್ ಆ ಲೆಕ್ಕಗಳನ್ನೆಲ್ಲ ಬರೆದುಕೊಂಡು 1925ರಲ್ಲಿ ಲೂವೆನ್‌ಗೆ ಮರಳಿ ಅಧ್ಯಾಪಕರಾದರು.

ಹಿಗ್ಗುತ್ತಿರುವ ವಿಶ್ವ

1927ರಲ್ಲಿ ಅವರು ಬ್ರಸೆಲ್ಸ್‌ನ ಒಂದು ವಿಜ್ಞಾನ ಪತ್ರಿಕೆಯಲ್ಲಿ ಫ್ರೆಂಚ್ ಭಾಷೆಯಲ್ಲಿ ಲೇಖನ ಪ್ರಕಟಿಸಿದರು. ಗೆಲಾಕ್ಸಿಗಳು ಜಾಗದೊಳಗೆ ಓಡುತ್ತಿಲ್ಲ, ಜಾಗವೇ ಹಿಗ್ಗುತ್ತಿದೆ ಎಂಬುದು ಅದರ ಸಾರ. ಕ್ರಿಸ್ಮಸ್ ಕೇಕ್ ಒಲೆಯಲ್ಲಿ ಉಬ್ಬುವುದನ್ನು ನೆನೆಯಿರಿ. ಒಣದ್ರಾಕ್ಷಿಗಳು ಹಿಟ್ಟಿನಲ್ಲಿ ಈಜುವುದಿಲ್ಲ. ಹಿಟ್ಟು ಉಬ್ಬಿದಂತೆ ಒಂದರಿಂದ ಒಂದು ದೂರವಾಗುತ್ತವೆ. ಹೆಚ್ಚು ದೂರದಲ್ಲಿರುವ ದ್ರಾಕ್ಷಿ ಹೆಚ್ಚು ವೇಗವಾಗಿ ದೂರವಾಗುತ್ತದೆ. ಲೆಮೇತ್ರ್ 42 ಗೆಲಾಕ್ಸಿಗಳ ವೇಗ ಮತ್ತು ದೂರವನ್ನು ಲೆಕ್ಕಕ್ಕೆ ಹಿಡಿದು, ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬ ಅಂದಾಜನ್ನೂ ಕೊಟ್ಟರು.

ಆ ಪತ್ರಿಕೆಯನ್ನು ಓದುವವರು ಕಡಿಮೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬ್ರಸೆಲ್ಸ್‌ನ ಸಾಲ್ವೆ ಸಮ್ಮೇಳನಕ್ಕೆ ಬಂದ ಐನ್‌ಸ್ಟೈನ್ ಅವರನ್ನು ಲೆಮೇತ್ರ್ ಭೇಟಿಯಾದರು. ಗಣಿತ ಸರಿಯಾಗಿದೆ, ಆದರೆ ಇದನ್ನು ಭೌತಶಾಸ್ತ್ರವೆಂದು ಒಪ್ಪಲು ಆಗದು ಎಂದು ಐನ್‌ಸ್ಟೈನ್ ಕಠಿಣವಾಗಿಯೇ ಹೇಳಿದರು. ವಿಶ್ವ ಎಂದೆಂದಿಗೂ ಹೀಗೆಯೇ ಇದೆ, ಬದಲಾಗದು ಎಂಬುದು ಅವರ ನಂಬಿಕೆಯಾಗಿತ್ತು. ರಷ್ಯದ ಅಲೆಕ್ಸಾಂಡರ್ ಫ್ರೀಡ್‌ಮನ್ ಎಂಬವರು 1922ರಲ್ಲಿಯೇ ಇಂತಹ ಸಮೀಕರಣಗಳನ್ನು ಬರೆದಿದ್ದರು ಎಂಬುದನ್ನೂ ಲೆಮೇತ್ರ್ ಆಗಲೇ ತಿಳಿದದ್ದು. ಫ್ರೀಡ್‌ಮನ್ 1925ರಲ್ಲಿಯೇ ತೀರಿಕೊಂಡಿದ್ದರು.

1929ರಲ್ಲಿ ಅಮೆರಿಕದ ಎಡ್ವಿನ್ ಹಬಲ್ ತಮ್ಮ ದೊಡ್ಡ ದೂರದರ್ಶಕದ ಅಳತೆಗಳಿಂದ ಅದೇ ನಿಯಮವನ್ನು ತೋರಿಸಿದರು. ಕೀರ್ತಿ ಹಬಲ್ ಅವರ ಪಾಲಾಯಿತು. 1931ರಲ್ಲಿ ಎಡಿಂಗ್ಟನ್ ಅವರ ಒತ್ತಾಸೆಯಿಂದ ಲೆಮೇತ್ರ್ ಅವರ ಲೇಖನ ಇಂಗ್ಲಿಷಿನಲ್ಲಿ ಬಂದಾಗ ಹಿಗ್ಗುವಿಕೆಯ ವೇಗವನ್ನು ಲೆಕ್ಕ ಹಾಕಿದ ಭಾಗ ಅದರಲ್ಲಿ ಇರಲಿಲ್ಲ. ಯಾರೋ ಬೇಕೆಂದೇ ಕತ್ತರಿಸಿದ್ದಾರೆ ಎಂಬ ಗುಮಾನಿ ಬಹಳ ಕಾಲ ಇತ್ತು. 2011ರಲ್ಲಿ ಹಳೆಯ ಪತ್ರಗಳನ್ನು ಹುಡುಕಿದಾಗ ನಿಜ ತಿಳಿಯಿತು. ಅನುವಾದ ಮಾಡಿದವರು ಸ್ವತಃ ಲೆಮೇತ್ರ್; ಅದಾಗಲೇ ಹೆಚ್ಚು ನಿಖರವಾದ ಅಳತೆಗಳು ಬಂದಿರುವುದರಿಂದ ತಮ್ಮ ಹಳೆಯ ಅಂದಾಜನ್ನು ಮತ್ತೆ ಅಚ್ಚು ಹಾಕುವ ಅಗತ್ಯವಿಲ್ಲ ಎಂದು ಅವರೇ ಬಿಟ್ಟಿದ್ದರು. ಮೊದಲಿಗ ತಾನೇ ಎಂದು ಸಾಧಿಸುವ ಆತುರ ಅವರಿಗಿರಲಿಲ್ಲ. 2018ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಸದಸ್ಯರು ಮತ ಹಾಕಿ, ಆ ನಿಯಮವನ್ನು ಹಬಲ್-ಲೆಮೇತ್ರ್ ನಿಯಮ ಎಂದು ಕರೆಯಬೇಕೆಂದು ಶಿಫಾರಸು ಮಾಡಿದರು.

ನಿನ್ನೆಯೇ ಇಲ್ಲದ ಮೊದಲ ದಿನ

ಕೊಡಗಿನಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಕುಟುಂಬಗಳಿಗೆ ಕಾವೇರಿ ಅಪರಿಚಿತಳಲ್ಲ. ಕುಶಾಲನಗರದ ಸೇತುವೆಯ ಕೆಳಗೆ ಅಗಲವಾಗಿ ಹರಿಯುವ ಹೊಳೆಯನ್ನು ಹಿಡಿದು ಮೇಲಕ್ಕೆ ನಡೆದರೆ ಅದು ಕಿರಿದಾಗುತ್ತಾ ಹೋಗುತ್ತದೆ. ಭಾಗಮಂಡಲ ದಾಟಿ ಬ್ರಹ್ಮಗಿರಿಯ ಮೇಲೆ ಹೋದರೆ ತಲಕಾವೇರಿಯಲ್ಲಿ ಹಿಂದೂ ಬಾಂಧವರು ಪೂಜಿಸುವ ಪುಟ್ಟ ಕುಂಡಿಕೆ. ಅದಕ್ಕಿಂತ ಮೇಲೆ ಹೊಳೆ ಎಲ್ಲಿದೆ ಎಂದು ಕೇಳಿದರೆ ಆ ಪ್ರಶ್ನೆಗೆ ಅರ್ಥವಿಲ್ಲ. ಹೊಳೆ ಶುರುವಾಗುವುದೇ ಅಲ್ಲಿ.

ಲೆಮೇತ್ರ್ ವಿಶ್ವವನ್ನು ಹೀಗೆಯೇ ಹಿಂದಕ್ಕೆ ಹಿಂಬಾಲಿಸಿದರು. ಇಂದು ಹಿಗ್ಗುತ್ತಿದೆ ಎಂದಾದರೆ ನಿನ್ನೆ ಇಂದಿಗಿಂತ ಕಿರಿದಾಗಿತ್ತು. ಅದಕ್ಕೂ ಹಿಂದೆ ಇನ್ನೂ ಕಿರಿದು. ಹೀಗೆ ಹೋದರೆ ಇಡೀ ವಿಶ್ವದ ದ್ರವ್ಯ ಒಂದೇ ಕಣದಂತೆ ಒತ್ತಿಕೊಂಡಿದ್ದ ಸ್ಥಿತಿಗೆ ಬಂದು ನಿಲ್ಲಬೇಕು. 1931ರ ಮೇ 9ರಂದು ನೇಚರ್ ಪತ್ರಿಕೆಯಲ್ಲಿ ಅವರ ಒಂದು ಪುಟ್ಟ ಪತ್ರ ಪ್ರಕಟವಾಯಿತು. ಐನೂರು ಪದಗಳೂ ಇಲ್ಲದ ಆ ಪತ್ರದಲ್ಲಿ, ಈ ಮೊದಲ ಅಣು ಒಡೆದು ವಿಶ್ವ ಶುರುವಾಯಿತು, ಜಾಗ ಮತ್ತು ಕಾಲಗಳೂ ಆ ನಂತರವೇ ಅರ್ಥ ಪಡೆದವು ಎಂದು ಅವರು ಸೂಚಿಸಿದರು. ಹಾಗಿರುವಾಗ ಅದಕ್ಕೆ ಮುಂಚೆ ಏನಿತ್ತು ಎಂದು ಕೇಳಲು ಮುಂಚೆ ಎಂಬುದೇ ಇರಲಿಲ್ಲ. ಇದೇ ಮುಂದೆ ಮಹಾಸ್ಫೋಟ ಸಿದ್ಧಾಂತವಾಯಿತು. ಆ ಹೆಸರನ್ನು ಕೊಟ್ಟವರು ಅದನ್ನು ಒಪ್ಪದಿದ್ದ ಫ್ರೆಡ್ ಹಾಯ್ಲ್, 1949ರ ಒಂದು ರೇಡಿಯೋ ಭಾಷಣದಲ್ಲಿ.

ಒಬ್ಬ ಪಾದ್ರಿ ಹೀಗೆ ಹೇಳಿದರೆ ಜನ ಏನೆಂದುಕೊಂಡಾರು? ಬೈಬಲಿನ ಆದಿಕಾಂಡವನ್ನೇ ಗಣಿತದ ವೇಷ ಹಾಕಿ ತಂದಿದ್ದಾರೆ ಎಂದು ಕೆಲವು ವಿಜ್ಞಾನಿಗಳು ಸಂಶಯಪಟ್ಟರು. ಗುರುಗಳಾದ ಎಡಿಂಗ್ಟನ್ ಅವರಿಗೇ ವಿಶ್ವಕ್ಕೆ ಆರಂಭವಿದೆ ಎಂಬ ಮಾತು ರುಚಿಸಲಿಲ್ಲ. ಆ ಪತ್ರದ ಮೂಲ ಪ್ರತಿ ಲೂವೆನ್‌ನಲ್ಲಿ ಉಳಿದುಕೊಂಡಿದೆ. ಅದರ ಕೊನೆಯಲ್ಲಿ ದೇವರನ್ನು ಕುರಿತು ಒಂದು ಸಣ್ಣ ಪ್ಯಾರಾ ಇತ್ತು. ಅಚ್ಚಿಗೆ ಕಳುಹಿಸುವ ಮೊದಲು ಅದನ್ನು ಗೀಟು ಹಾಕಿ ತೆಗೆದಿದ್ದಾರೆ. ವಿಶ್ವಾಸ ಕಡಿಮೆಯಾಗಿ ಹಾಗೆ ಮಾಡಲಿಲ್ಲ. ಆ ಮಾತಿಗೆ ಇದು ತಕ್ಕ ಸ್ಥಳವಲ್ಲ ಎಂಬುದೇ ಅವರ ನಿಲುವು ಎಂಬುದನ್ನು ಅವರ ಮುಂದಿನ ಬದುಕು ತೋರಿಸುತ್ತದೆ.

ಕಪ್ಪುಕುಳಿಯ ಅಂಚಿನಲ್ಲಿ

ಲೆಮೇತ್ರ್ ಅವರ ಇನ್ನೊಂದು ಸಾಧನೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಕಪ್ಪುಕುಳಿ ಎಂಬ ಹೆಸರೇ ಹುಟ್ಟದಿದ್ದ ಕಾಲದಲ್ಲಿ ಅವರು ಅದರ ಅಂಚನ್ನು ಅರ್ಥಮಾಡಿಕೊಂಡಿದ್ದರು.

1915ರ ಕೊನೆಯಲ್ಲಿ ಜರ್ಮನಿಯ ಕಾರ್ಲ್ ಶ್ವಾರ್ಜ್‌ಶೀಲ್ಡ್ ಯುದ್ಧಭೂಮಿಯಲ್ಲಿದ್ದುಕೊಂಡೇ ಐನ್‌ಸ್ಟೈನ್ ಅವರ ಸಮೀಕರಣಗಳಿಗೆ ಒಂದು ಉತ್ತರ ಕಂಡುಹಿಡಿದರು. ಅದರಂತೆ, ಯಾವುದೇ ವಸ್ತುವನ್ನು ಒಂದು ಮಿತಿಗಿಂತ ಚಿಕ್ಕದಾಗಿ ಒತ್ತಿದರೆ ಅದರಿಂದ ಬೆಳಕೂ ಹೊರಬರಲಾರದು. ಸೂರ್ಯನಿಗೆ ಆ ಮಿತಿ ಸುಮಾರು 3 ಕಿಲೋಮೀಟರ್ ತ್ರಿಜ್ಯ. ನಮ್ಮ ಭೂಮಿಯನ್ನೆಲ್ಲ ಕೊಡಗಿನ ಒಂದು ದಪ್ಪ ಕಾಫಿ ಹಣ್ಣಿನಷ್ಟಕ್ಕೆ ಒತ್ತಬೇಕಾದೀತು. ಆದರೆ ಆ ಮಿತಿಯಲ್ಲಿ ಸಮೀಕರಣವೇ ಕೆಟ್ಟುಹೋಗಿ ಉತ್ತರ ಅನಂತವಾಗುತ್ತಿತ್ತು. ಹಾಗಾಗಿ ಅಲ್ಲಿ ಒಂದು ಗೋಡೆಯೇ ಇದೆ, ಅದರಾಚೆ ಏನೂ ಹೋಗಲಾರದು ಎಂದು ಹಲವರು ತಿಳಿದರು.

1933ರಲ್ಲಿ ಲೆಮೇತ್ರ್ ಆ ಗೋಡೆ ನಿಜವಲ್ಲ, ಅಳೆಯುವ ಕ್ರಮದಿಂದ ಹುಟ್ಟಿದ ತೊಡಕು ಮಾತ್ರ ಎಂದು ತೋರಿಸಿದರು. ಮಡಿಕೇರಿ ಬಳಿಯ ಅಬ್ಬಿ ಜಲಪಾತವನ್ನು ನೆನಪಿಸಿಕೊಂಡರೆ ಇದು ಸುಲಭ. ನೀರಿನ ಜೊತೆ ತೇಲಿಬರುವ ಎಲೆಗೆ ಬಂಡೆಯ ಅಂಚಿನಲ್ಲಿ ಯಾವ ಗೋಡೆಯೂ ಅಡ್ಡ ಬರುವುದಿಲ್ಲ. ಅಂಚು ದಾಟಿದ ಕ್ಷಣ ಅದಕ್ಕೆ ವಿಶೇಷವೇನೂ ತೋರದು. ಆದರೆ ದಾಟಿದ ಮೇಲೆ ಹಿಂದಿರುಗಿ ಮೇಲಕ್ಕೆ ಬರುವಂತಿಲ್ಲ. ಕಪ್ಪುಕುಳಿಯ ಅಂಚೂ ಹಾಗೆಯೇ. ಬೇರೆ ವಿಜ್ಞಾನಿಗಳು ಇದನ್ನು ಪೂರ್ತಿ ಒಪ್ಪಿಕೊಳ್ಳಲು ಇನ್ನೂ ಕಾಲು ಶತಮಾನ ಬೇಕಾಯಿತು.

ಅದೇ ಬರಹದಲ್ಲಿ ಅವರು ಇನ್ನೊಂದು ಪ್ರಶ್ನೆಯನ್ನೂ ಎತ್ತಿಕೊಂಡರು. ಕುಗ್ಗುತ್ತಿರುವ ವಿಶ್ವ ಪೂರ್ತಿ ಶೂನ್ಯಕ್ಕೆ ಇಳಿಯದೆ, ನಡುವೆ ಎಲ್ಲೋ ತಿರುಗಿ ಮತ್ತೆ ಹಿಗ್ಗಬಹುದೇ? ಬೂದಿಯಿಂದ ಮತ್ತೆ ಹುಟ್ಟುವ ಫೀನಿಕ್ಸ್ ಹಕ್ಕಿಯಂತಹ ವಿಶ್ವದ ಚೆಲುವು ಅವರನ್ನೂ ಸೆಳೆದಿತ್ತು. ಆದರೆ ಎಲ್ಲ ದಿಕ್ಕುಗಳಲ್ಲಿ ಸಮನಾಗಿ ಕುಗ್ಗದಿದ್ದರೂ ಕುಸಿತ ತಪ್ಪದು ಎಂದೇ ಅವರ ಲೆಕ್ಕ ಹೇಳಿತು.

ಇಲ್ಲಿಯೇ ಕಪ್ಪುಕುಳಿಗೂ ವಿಶ್ವದ ಹುಟ್ಟಿಗೂ ಇರುವ ನಂಟು ಕಾಣಿಸುತ್ತದೆ. 1939ರಲ್ಲಿ ಅಮೆರಿಕದ ಓಪನ್‌ಹೈಮರ್ ಮತ್ತು ಸ್ನೈಡರ್, ದೊಡ್ಡ ನಕ್ಷತ್ರವೊಂದು ತನ್ನ ಭಾರಕ್ಕೆ ತಾನೇ ಕುಸಿಯುವುದನ್ನು ಲೆಕ್ಕ ಹಾಕಿದರು. ಕುಸಿಯುವ ನಕ್ಷತ್ರದ ಒಳಭಾಗಕ್ಕೆ ಬೇಕಾದ ಗಣಿತ, ಹಿಗ್ಗುವ ವಿಶ್ವದ ಗಣಿತವೇ. ಕಾಲವನ್ನು ಮಾತ್ರ ಹಿಂದುಮುಂದು ಮಾಡಬೇಕು. 1955ರಲ್ಲಿ ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ ಬರೆದ ಸಮೀಕರಣ ಎರಡಕ್ಕೂ ಅನ್ವಯಿಸಿತು. 1965ರಲ್ಲಿ ರೋಜರ್ ಪೆನ್‌ರೋಸ್ ಕುಸಿಯುವ ನಕ್ಷತ್ರದೊಳಗೆ ಲೆಕ್ಕ ಕೆಡುವ ಬಿಂದು ಬಂದೇ ಬರುತ್ತದೆ ಎಂದು ಸಾಧಿಸಿದರು. ಯುವಕ ಸ್ಟೀಫನ್ ಹಾಕಿಂಗ್ ಅದನ್ನೇ ತಿರುವಿ ಹಾಕಿ, ವಿಶ್ವದ ಆರಂಭದಲ್ಲಿಯೂ ಅಂತಹ ಬಿಂದು ಇರಬೇಕೆಂದರು. ಹಾಕಿಂಗ್ ದೇವರನ್ನು ನಂಬುತ್ತಿರಲಿಲ್ಲ. ಆದರೂ 1986ರಲ್ಲಿ ವ್ಯಾಟಿಕನ್‌ನ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು ಎಂಬುದು ನಮ್ಮ ಓದುಗರಿಗೆ ಕುತೂಹಲದ ಸಂಗತಿ.

ನಮ್ಮ ಕರ್ನಾಟಕದ ಪಾಲೂ ಇದರಲ್ಲಿದೆ. ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು 1970ರಲ್ಲಿ, ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಒಡೆಯುವುದಿಲ್ಲ, ಗಂಟೆಯಂತೆ ಸ್ವಲ್ಪ ಹೊತ್ತು ಮಿಡಿದು ಶಾಂತವಾಗುತ್ತದೆ ಎಂದು ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಎರಡು ಕಪ್ಪುಕುಳಿಗಳು ಒಂದಾದಾಗ ಹೊರಟಿದ್ದ ಗುರುತ್ವ ಅಲೆಗಳನ್ನು ಅಮೆರಿಕದ ಲೈಗೋ ಉಪಕರಣ ಹಿಡಿಯಿತು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಆಗಿದ್ದ ಅವರು 2017ರಲ್ಲಿ ತೀರಿಕೊಳ್ಳುವ ಮೊದಲು ಆ ಸುದ್ದಿ ಕೇಳುವ ಭಾಗ್ಯ ಪಡೆದರು.

ಕಪ್ಪುಕುಳಿಯೊಳಗೆ ಹುಟ್ಟಿದ ವಿಶ್ವವೇ?

ಮಕ್ಕಳು ಕೇಳುವ ಆ ಪ್ರಶ್ನೆಗೆ ಈಗ ಬರೋಣ. ಇದು ಬರಿಯ ಕಟ್ಟುಕಥೆಯಲ್ಲ, ಸಾಬೀತಾದ ಸತ್ಯವೂ ಅಲ್ಲ. 1972ರಲ್ಲಿ ಭಾರತ ಮೂಲದ ವಿಜ್ಞಾನಿ ಆರ್. ಕೆ. ಪಾಥ್ರಿಯಾ ನಮ್ಮ ವಿಶ್ವವನ್ನೇ ಒಂದು ಕಪ್ಪುಕುಳಿ ಎಂದು ನೋಡಬಹುದೇ ಎಂದು ನೇಚರ್ ಪತ್ರಿಕೆಯಲ್ಲಿ ಬರೆದರು. 1992ರಲ್ಲಿ ಲೀ ಸ್ಮೊಲಿನ್, ಪ್ರತಿ ಕಪ್ಪುಕುಳಿಯ ಒಡಲಲ್ಲಿ ಹೊಸ ವಿಶ್ವವೊಂದು ಹುಟ್ಟಬಹುದು, ಹೀಗೆ ವಿಶ್ವಗಳಿಗೂ ಸಂತತಿ ಇರಬಹುದು ಎಂದು ಊಹಿಸಿದರು. 2010ರಲ್ಲಿ ನಿಕೊಡೆಮ್ ಪೊಪ್ಲಾವ್ಸ್ಕಿ ಎಂಬವರು, ಕಣಗಳು ತಮ್ಮಲ್ಲೇ ಬುಗುರಿಯಂತೆ ತಿರುಗುವ ಗುಣದಿಂದಾಗಿ ಕುಸಿತ ನಿಂತು ಹಿಂದಕ್ಕೆ ಪುಟಿದು, ಒಳಗೆ ಹೊಸ ವಿಶ್ವ ತೆರೆದುಕೊಳ್ಳಬಹುದು ಎಂದು ವಾದಿಸಿದರು.

ಇವೆಲ್ಲದರ ಹಿಂದೆ ಒಂದು ಸಾಮ್ಯವಿದೆ. ನಮಗೆ ಕಾಣಬಲ್ಲ ವಿಶ್ವದಲ್ಲಿರುವಷ್ಟು ದ್ರವ್ಯಕ್ಕೆ ಕಪ್ಪುಕುಳಿಯ ಅಂಚು ಎಲ್ಲಿರಬೇಕು ಎಂದು ಲೆಕ್ಕ ಹಾಕಿದರೆ, ಅದು ಹೆಚ್ಚುಕಡಿಮೆ ವಿಶ್ವದ ಅಳತೆಗೇ ಹೊಂದುತ್ತದೆ. ಆದರೆ ವ್ಯತ್ಯಾಸಗಳೂ ದೊಡ್ಡವು. ಕಪ್ಪುಕುಳಿಗೆ ಹೊರಗು ಎಂಬುದಿದೆ. ವಿಶ್ವಕ್ಕೆ ಹೊರಗು ಇದೆಯೆಂದು ನಮಗೆ ತೋರಿಲ್ಲ. ಕಪ್ಪುಕುಳಿಯೊಳಗೆ ಬಿದ್ದವರಿಗೆ ಆ ಬಿಂದು ಮುಂದೆ ಕಾದಿರುವ ಕೊನೆ. ವಿಶ್ವಕ್ಕಾದರೋ ಅದು 1380 ಕೋಟಿ ವರ್ಷಗಳ ಹಿಂದಿನ ಮೊದಲು. ಇದುವರೆಗೆ ಈ ಊಹೆಗಳಿಗೆ ಖಚಿತ ಪುರಾವೆ ಸಿಕ್ಕಿಲ್ಲ. 2019ರಲ್ಲಿ ಮೊದಲ ಬಾರಿಗೆ ಪ್ರಕಟವಾದ ಕಪ್ಪುಕುಳಿಯ ಚಿತ್ರದಲ್ಲಿ ಕಂಡದ್ದು ಅಂಚಿನ ಸುತ್ತಲಿನ ಬೆಳಕು ಮತ್ತು ನಡುವಿನ ನೆರಳು. ಒಳಗೇನಿದೆ ಎಂದು ನೋಡುವ ದಾರಿ ಯಾರಿಗೂ ಇಲ್ಲ.

ಹಾಗಾದರೆ ನಾಳೆ ಇಂತಹ ಊಹೆಯೊಂದು ನಿಜವೆಂದು ಸಾಬೀತಾದರೆ, ನಮ್ಮ ವಿಶ್ವಕ್ಕೂ ಒಂದು ತಾಯಿ ವಿಶ್ವ ಇತ್ತು ಎಂದಾದರೆ, ಸೃಷ್ಟಿಕರ್ತ ದೇವರಲ್ಲಿನ ನಮ್ಮ ವಿಶ್ವಾಸ ಏನಾದೀತು? ಲೆಮೇತ್ರ್ ಅವರ ಬದುಕಿನ ಒಂದು ಘಟನೆಯಲ್ಲಿ ಇದಕ್ಕೆ ಉತ್ತರವಿದೆ.

ಪೋಪ್ ಅವರಿಗೆ ಒಂದು ವಿನಂತಿ

1951ರ ನವೆಂಬರ್ 22ರಂದು ಪೋಪ್ ಹನ್ನೆರಡನೇ ಪಿಯುಸ್ ಅವರು ವ್ಯಾಟಿಕನ್‌ನ ವಿಜ್ಞಾನ ಅಕಾಡೆಮಿಯಲ್ಲಿ ಭಾಷಣ ಮಾಡಿದರು. ವಿಶ್ವಕ್ಕೆ ಆರಂಭವಿತ್ತು ಎಂದು ವಿಜ್ಞಾನವೇ ಈಗ ಹೇಳುತ್ತಿದೆ, ಇದು ಬೆಳಕಾಗಲಿ ಎಂಬ ದೇವರ ಆದಿಯ ಆಜ್ಞೆಗೆ ಸಾಕ್ಷಿಯಂತಿದೆ ಎಂಬ ಅರ್ಥದ ಮಾತುಗಳು ಅದರಲ್ಲಿದ್ದವು. ಬೇರೆ ಯಾರಾದರೂ ಆಗಿದ್ದರೆ ಇದಕ್ಕಿಂತ ದೊಡ್ಡ ಮನ್ನಣೆ ಬೇಕೇ ಎಂದು ಹಿಗ್ಗುತ್ತಿದ್ದರು. ಲೆಮೇತ್ರ್ ಚಿಂತೆಗೊಳಗಾದರು.

ಅವರಿಗೆ ಎರಡು ಅಳುಕು. ಒಂದು, ಮಹಾಸ್ಫೋಟ ಆಗ ಇನ್ನೂ ಊಹೆಯ ಹಂತದಲ್ಲಿತ್ತು. ಅದು ಬಿದ್ದುಹೋದರೆ ಅದಕ್ಕೆ ಒರಗಿಸಿದ ವಿಶ್ವಾಸವೂ ಬಿದ್ದಂತೆ ಜನರಿಗೆ ತೋರೀತು. ಇನ್ನೊಂದು, ಇದು ಪಾದ್ರಿಗಳ ಸಿದ್ಧಾಂತ ಎಂಬ ಕೆಲವು ವಿಜ್ಞಾನಿಗಳ ಸಂಶಯಕ್ಕೆ ಬಲ ಬಂದೀತು. ಮರುವರ್ಷ ದಕ್ಷಿಣ ಆಫ್ರಿಕಕ್ಕೆ ಹೋಗುವ ದಾರಿಯಲ್ಲಿ ಅವರು ರೋಮಿನಲ್ಲಿ ಇಳಿದು, ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾದ ಜೆಸ್ವಿಟ್ ಗುರು ಡೇನಿಯಲ್ ಓಕಾನೆಲ್ ಅವರ ಜೊತೆಗೂ ವ್ಯಾಟಿಕನ್ ಅಧಿಕಾರಿಗಳ ಜೊತೆಗೂ ಮಾತನಾಡಿದರು. 1952ರ ಸೆಪ್ಟೆಂಬರ್ 7ರಂದು ನೂರಾರು ಖಗೋಳ ವಿಜ್ಞಾನಿಗಳ ಮುಂದೆ ಮಾತನಾಡಿದ ಪೋಪ್ ಅವರು ಆ ಹೋಲಿಕೆಯನ್ನು ಮತ್ತೆ ಎತ್ತಲಿಲ್ಲ. ಒಬ್ಬ ಸಾಮಾನ್ಯ ಗುರು ವಿನಯದಿಂದ ಹೇಳಿದ್ದನ್ನು ಪೋಪ್ ಅವರು ಕೇಳಿಸಿಕೊಂಡರು ಎಂಬುದೂ ಇಲ್ಲಿ ನಾವು ಗಮನಿಸಬೇಕಾದ ಮಾತು.

ಲೆಮೇತ್ರ್ ಅವರ ಈ ನಿಲುವಿಗೆ ಬೇರು ಇದ್ದದ್ದು ಅವರ ಗುರುಮಠದ ಕಲಿಕೆಯಲ್ಲಿ. ಸೃಷ್ಟಿ ಎಂದರೆ ಗಡಿಯಾರದ ಮೊದಲ ಕ್ಷಣದಲ್ಲಿ ನಡೆದ ಘಟನೆ ಮಾತ್ರವಲ್ಲ. ಇರುವುದೆಲ್ಲವೂ ಪ್ರತಿ ಕ್ಷಣವೂ ದೇವರ ಮೇಲೆ ಅವಲಂಬಿಸಿದೆ ಎಂಬುದೇ ಸೃಷ್ಟಿ ಎಂದು ಸಂತ ತೋಮಸ್ ಅಕ್ವಿನಾಸ್ ಏಳುನೂರು ವರ್ಷಗಳಿಗೂ ಹಿಂದೆಯೇ ಕಲಿಸಿದ್ದರು. ಲೋಕಕ್ಕೆ ಆರಂಭವಿತ್ತು ಎಂಬುದನ್ನು ನಾವು ವಿಶ್ವಾಸದಿಂದ ತಿಳಿಯುತ್ತೇವೆ, ಬರಿಯ ತರ್ಕದಿಂದ ಅದನ್ನು ಸಾಧಿಸಲಾಗದು ಎಂದೂ ಅವರು ಹೇಳಿದ್ದರು. ಹಾಗೆ ನೋಡಿದರೆ ವಿಶ್ವ ಮಹಾಸ್ಫೋಟದಿಂದ ಶುರುವಾಗಿರಲಿ, ಬೇರೊಂದು ವಿಶ್ವದ ಕಪ್ಪುಕುಳಿಯಿಂದ ಹೊರಟಿರಲಿ, ಆ ತಾಯಿ ವಿಶ್ವವಾದರೂ ಏಕೆ ಇದೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಅದಕ್ಕೆ ದೂರದರ್ಶಕ ಉತ್ತರ ಹೇಳಲಾರದು. ಪ್ರವಾದಿ ಯೆಶಾಯನ ಗ್ರಂಥದಲ್ಲಿ ಬರುವ ಮರೆಯಾಗಿರುವ ದೇವರ ಚಿಂತನೆ ಲೆಮೇತ್ರ್ ಅವರಿಗೆ ಬಹಳ ಪ್ರಿಯವಾಗಿತ್ತು.

ಕೊನೆಯ ದಿನಗಳು

ಐನ್‌ಸ್ಟೈನ್ ಅವರ ಮನಸ್ಸು ಅಷ್ಟರಲ್ಲಿ ಬದಲಾಗಿತ್ತು. 1933ರ ಆರಂಭದಲ್ಲಿ ಕ್ಯಾಲಿಫೋರ್ನಿಯದಲ್ಲಿ ಇಬ್ಬರೂ ಒಟ್ಟಿಗಿದ್ದಾಗ ಅವರು ಲೆಮೇತ್ರ್ ಅವರ ವಿಚಾರವನ್ನು ಮೆಚ್ಚಿಕೊಂಡರು. 1934ರಲ್ಲಿ ಬೆಲ್ಜಿಯಂನ ಅತ್ಯುನ್ನತ ವಿಜ್ಞಾನ ಪ್ರಶಸ್ತಿಯಾದ ಫ್ರಾಂಕಿ ಬಹುಮಾನ ಲೆಮೇತ್ರ್ ಅವರಿಗೆ ಸಂದಿತು. ಆದರೂ ಅವರು ಲೂವೆನ್ ಬಿಟ್ಟು ಹೋಗಲಿಲ್ಲ. ದೂರದ ಚೀನಾದಿಂದ ಓದಲು ಬಂದ ವಿದ್ಯಾರ್ಥಿಗಳಿಗೆ ಆಸರೆಯಾದರು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಅವರ ಮನೆಯೂ ಹಾನಿಗೊಂಡಿತು. ಕೊನೆಯ ವರ್ಷಗಳಲ್ಲಿ ಅವರಿಗೆ ಕಂಪ್ಯೂಟರಿನ ಹುಚ್ಚು. 1958ರಲ್ಲಿಯೇ ವಿಶ್ವವಿದ್ಯಾನಿಲಯಕ್ಕೆ ಒಂದನ್ನು ತರಿಸಿ ತಾವೇ ಕುಳಿತು ಲೆಕ್ಕ ಬರೆಯುತ್ತಿದ್ದರು. ಯೇಸುವಿನ ಗೆಳೆಯರು ಎಂಬ ಗುರುಗಳ ಸಹೋದರತ್ವದ ಸದಸ್ಯರಾಗಿ, ಅದರ ಪ್ರಾರ್ಥನೆ ಮತ್ತು ಧ್ಯಾನಕೂಟದ ನಿಯಮಗಳನ್ನು ಪಾಲಿಸಿದರು. 1960ರಲ್ಲಿ ವ್ಯಾಟಿಕನ್ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾದರು, ಮೊನ್ಸಿಞೊರ್ ಬಿರುದೂ ಬಂತು.

ಅವರು ಹೇಳಿದ್ದೆಲ್ಲವೂ ಸರಿಯಾಗಲಿಲ್ಲ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳೇ ಮೊದಲ ಅಣುವಿನ ಅವಶೇಷ ಎಂದು ಅವರು ಭಾವಿಸಿದ್ದರು. ಅದು ಹಾಗಲ್ಲ ಎಂದು ತಿಳಿಯಿತು. ಆದರೆ ಅವಶೇಷ ಬೇರೆ ರೂಪದಲ್ಲಿ ಇದ್ದೇ ಇತ್ತು. 1965ರಲ್ಲಿ ಅಮೆರಿಕದ ಪೆನ್‌ಜಿಯಾಸ್ ಮತ್ತು ವಿಲ್ಸನ್, ಆಕಾಶದ ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಬರುವ ಸಣ್ಣ ರೇಡಿಯೋ ಅಲೆಗಳನ್ನು ಕಂಡ ವರದಿ ಪ್ರಕಟಿಸಿದರು. ಆದಿಯ ಬೆಂಕಿಯ ಆರಿದ ಬಿಸಿ ಅದು. 1966ರ ಜೂನ್ ತಿಂಗಳಲ್ಲಿ ಲೆಮೇತ್ರ್ ರಕ್ತದ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ದರು. ಅವರ ಸಹಾಯಕರಾಗಿದ್ದ ಓಡೋನ್ ಗೊದಾರ್ ಬಂದು ಈ ಸುದ್ದಿಯನ್ನು ತಿಳಿಸಿದರು. ಮೂರೂವರೆ ದಶಕಗಳ ಹಿಂದೆ ಊಹಿಸಿದ್ದಕ್ಕೆ ಸಾಕ್ಷಿ ಸಿಕ್ಕ ಸಂತೋಷದಲ್ಲಿಯೇ ಅವರು 1966ರ ಜೂನ್ 20ರಂದು, 71ರ ವಯಸ್ಸಿನಲ್ಲಿ, ಪ್ರಭುವಿನಲ್ಲಿ ವಿಶ್ರಮಿಸಿದರು.

ವ್ಯಾಟಿಕನ್ ವೀಕ್ಷಣಾಲಯ 2017ರ ಮೇ ತಿಂಗಳಲ್ಲಿ ಅವರ ಸ್ಮರಣೆಗಾಗಿ ಕಪ್ಪುಕುಳಿ, ಗುರುತ್ವ ಅಲೆ ಮತ್ತು ವಿಶ್ವದ ಆರಂಭದ ಕುರಿತು ಸಮ್ಮೇಳನ ನಡೆಸಿತು. ಪೋಪ್ ಫ್ರಾನ್ಸಿಸ್ ಅವರು ವಿಜ್ಞಾನಿಗಳನ್ನು ಬರಮಾಡಿಕೊಂಡು ಸತ್ಯಕ್ಕೆ ಎಂದೂ ಹೆದರಬಾರದೆಂದು ಹುರಿದುಂಬಿಸಿದರು. 2024ರಲ್ಲಿ ಅಂತಹದೇ ಸಮ್ಮೇಳನ ಮತ್ತೊಮ್ಮೆ ನಡೆಯಿತು.

ಮಕ್ಕಳು ಮುಂದಿನ ಸಲ ಈ ಪ್ರಶ್ನೆ ಕೇಳಿದಾಗ ನಾವು ಬಾಯಿ ಮುಚ್ಚಿಸಬೇಕಾಗಿಲ್ಲ, ಬೈಬಲಿನ ಪುಟ ತೋರಿಸಿ ವಿಜ್ಞಾನವನ್ನು ಸೋಲಿಸಲು ಹೊರಡಬೇಕಾಗಿಯೂ ಇಲ್ಲ. ಗೊತ್ತಿರುವಷ್ಟನ್ನು ಹೇಳೋಣ, ಊಹೆಯನ್ನು ಊಹೆ ಎಂದೇ ಹೇಳೋಣ. ಇಂತಹ ಪ್ರಶ್ನೆಗಳಿಗೆ ಬದುಕನ್ನೇ ಮುಡಿಪಾಗಿಟ್ಟ ಒಬ್ಬ ಗುರು ನಮ್ಮ ಧರ್ಮಸಭೆಯಲ್ಲಿ ಇದ್ದರು, ಅವರ ಕೈಯಲ್ಲಿ ಜಪಸರವೂ ಇತ್ತು, ಸೀಮೆಸುಣ್ಣವೂ ಇತ್ತು ಎಂದು ಅವರ ಕಥೆಯನ್ನು ಮಕ್ಕಳಿಗೆ ತಿಳಿಸೋಣ.